ಬಂಗಾರದ ಉರಿ

"ಗುರುಗಳೇ, ಮಠಕ್ಕೆ ಬಂದ ಹೊಸದರಲ್ಲಿ ಪ್ರಾರ್ಥನೆಗೆ ಕೂತರೆ ಸಾಕು, ಕಣ್ಣೀರು ತಾನಾಗಿ ಸುರಿಯುತ್ತಿತ್ತು. ಈಗ ಒಂದು ಹನಿಯೂ ಬರುವುದಿಲ್ಲ. ನನ್ನ ಭಕ್ತಿ ಆರಿಹೋಯಿತೇ?"

ಹೀಗೆ ಕೇಳಿದವನು ಅಡವೀಶ, ಕೆಲವು ವರ್ಷಗಳಿಂದ ಮಠದಲ್ಲಿರುವ ಶಿಷ್ಯ. ಹೌದೆಂದರೆ ಊರಿಗೆ ಮರಳಿಬಿಡುವುದೆಂದು ನಿಶ್ಚಯಿಸಿಯೇ ಬಂದಿದ್ದ. ಗುರುಗಳು ಅವನ ಬಾಡಿದ ಮುಖ ನೋಡಿ ನಕ್ಕರು. "ಹೋಗುವುದಾದರೆ ಹೋಗುವೆಯಂತೆ, ಬಸ್ಸಿಗೆ ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಒಂದು ಕತೆ ಕೇಳು," ಎಂದು ಶುರುಮಾಡಿದರು.

ಒಂದೂರಿನಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಇತ್ತು. ಬಣ್ಣದ ತೊಟ್ಟಿಗಳು ಕುದಿಯಬೇಕಾದರೆ ಉಗಿ ಬೇಕು. ಆ ಉಗಿ ಕೊಡುವ ಬಾಯ್ಲರನ್ನು ನೋಡಿಕೊಳ್ಳಲು ಒಬ್ಬ ಬಾಯ್ಲರಿನವನಿದ್ದ. ಸೌದೆಯ ಬಾಯ್ಲರಿನ ಮುಂದೆ ಮೈ ಬೇಯಿಸಿಕೊಂಡೇ ತಲೆ ನೆರೆಸಿಕೊಂಡವನು. ಉರಿಯ ಬಣ್ಣ ನೋಡಿ ಉಗಿ ಎಷ್ಟೆಂದು ಹೇಳಬಲ್ಲವನು. ಬೆಳಿಗ್ಗೆ ಆ ಬೆಂಕಿಗೆ ಕೈ ಮುಗಿಯದೆ ಚಹಾ ಮುಟ್ಟುತ್ತಿರಲಿಲ್ಲ. ಕೆಲಸದ ಮೇಲೆ ಅಷ್ಟು ಪ್ರೀತಿ. ಸ್ವಲ್ಪ ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು.

ಮಾಲೀಕ ಹಳೆಯದನ್ನು ತೆಗೆಸಿ ಗ್ಯಾಸಿನ ಬಾಯ್ಲರ್ ಕೂಡಿಸಿದ. ಉರಿಯನ್ನು ಹದಕ್ಕೆ ತರಲು ಒಬ್ಬ ಮೆಕ್ಯಾನಿಕ್ ಬಂದ. ಚಿಮಣಿಯೊಳಗೆ, ಹೊಗೆ ಅಳೆಯುವ ಮಾಪಕದ ಕೊಳವೆ ಇಳಿಸಿದ. ಉರಿ ಸಣ್ಣದು ಮಾಡಿ ಅಳೆದ, ದೊಡ್ಡದು ಮಾಡಿ ಅಳೆದ. ಗಾಳಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾಯುವುದು, ಮತ್ತೆ ಅಳೆಯುವುದು. ನೋಡುತ್ತಿದ್ದವರಿಗೆ ಆಕಳಿಕೆ ಬಂತು, ಅವನಿಗೆ ಬರಲಿಲ್ಲ. ಗ್ಯಾಸ್ ಪೂರ್ತಿ ಉರಿಯಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಗಾಳಿ ಬಿಟ್ಟು, ತಿರುಪಿಗೆ ಕೆಂಪು ಗುರುತು ಹಾಕಿದ. ಗೋಡೆಯ ಗಾಳಿಕಿಂಡಿಯನ್ನು ಎಂದೂ ಮುಚ್ಚಕೂಡದು ಎಂದೂ ಹೇಳಿದ.

ಬಾಯ್ಲರಿನವನು ಇಣುಕುಗಾಜಿನಲ್ಲಿ ನೋಡಿದ. ಒಳಗೆ ತೆಳುವಾದ ನೀಲಿ ಬಿಟ್ಟರೆ ಏನೂ ಇಲ್ಲ.

"ಉರಿ ಸತ್ತಂಗ ಕಾಣ್ತದಲ್ಲಪಾ?"

"ಸತ್ತಿಲ್ಲ ಕಾಕಾ, ಚೊಲೋ ಉರಿಯಾಕತ್ತದ. ನೀ ಅದನ್ನ ಮುಟ್ಟಬ್ಯಾಡ," ಎಂದು ಹೇಳಿ ಮೆಕ್ಯಾನಿಕ್ ಹೊರಟುಹೋದ.

ಬಾಯ್ಲರಿನವನಿಗೆ ಊಟ ರುಚಿಸಲಿಲ್ಲ. ಉರಿಯೆಂದರೆ ದೀಪದ ಹಾಗೆ ಬೆಳಗಬೇಕು, ನೋಡಿದವನ ಮುಖಕ್ಕೆ ಬೆಳಕು ಹೊಡೆಯಬೇಕು. ಇದೆಂಥ ಬಡಕಲು ಬೆಂಕಿ? ಗಾಳಿ ಜಾಸ್ತಿಯಾಗಿ ಸೊರಗಿದೆ ಎಂದುಕೊಂಡ. ಕೊನೆಗೆ ತಡೆಯಲಾರದೆ ತಿರುಪನ್ನು ಗುರುತು ದಾಟಿಸಿ ಗಾಳಿ ಕಡಿಮೆ ಮಾಡಿದ. ಗಾಳಿಕಿಂಡಿಗೆ ಗೋಣಿಚೀಲ ತುರುಕಿದ. ಉರಿ ಬಂಗಾರದ ಬಣ್ಣಕ್ಕೆ ತಿರುಗಿ ಗಾಜಿನ ತುಂಬ ಕುಣಿಯಿತು. ಅವನ ಕಣ್ಣು ತುಂಬಿ ಬಂತು, ಕೈಗಳು ತಾವಾಗಿ ಕೂಡಿಕೊಂಡವು. ಅವನ ಭಕ್ತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಉಗಿ ಇಳಿಯತೊಡಗಿತು. ಬಣ್ಣದ ಕೆಲಸದವರು ಗೊಣಗಿದರು. ಅವನು ಗ್ಯಾಸೇ ಸರಿಯಿಲ್ಲ ಎಂದ. ಅವನ ತಲೆ ಸಿಡಿಯುತ್ತಿತ್ತು. ಅದಕ್ಕೆ ಬಿಸಿಲನ್ನು ಬೈದ. ಉರಿಯ ಮೇಲೆ ಮಾತ್ರ ಒಂದು ಮಾತೂ ಬರಗೊಡಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಬಾ ನೋಡು ಎಂದು ಅವಳಿಗೂ ಉರಿ ತೋರಿಸಿದ. ಇಬ್ಬರೂ ಅದರ ಮುಂದೆಯೇ ಉಣ್ಣಲು ಕೂತರು. ರೊಟ್ಟಿ ಮುರಿಯುತ್ತಿದ್ದ ಅವಳ ಕೈ ಹಾಗೇ ನಿಂತಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಅವಳನ್ನು ಹಿಡಿದುಕೊಳ್ಳಲು ಏಳಹೋದರೆ ಅವನಿಗೆ ಕಾಲು ಬರಲಿಲ್ಲ, ಕೂಗಹೋದರೆ ದನಿ ಬರಲಿಲ್ಲ.

ಉಗಿ ಯಾಕಿಲ್ಲ ಎಂದು ಜಗಳ ತೆಗೆಯಲು ಬಂದ ಬಣ್ಣದವರು ಬಾಗಿಲು ನೂಕಿದ್ದು ಆ ಗಂಡಹೆಂಡಿರ ಪುಣ್ಯ. ಇಬ್ಬರನ್ನೂ ಬಯಲಿಗೆ ಹೊತ್ತು ತಂದರು, ಗ್ಯಾಸ್ ನಿಲ್ಲಿಸಿದರು, ಆಸ್ಪತ್ರೆಗೆ ಸಾಗಿಸಿದರು. ಅವನಿಗೆ ಬೇಗ ಎಚ್ಚರವಾಯಿತು, ಅವಳಿಗೆ ಆಗಲಿಲ್ಲ. ಅವಳು ಕಣ್ಣು ಬಿಡುವವರೆಗೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ.

ಮೆಕ್ಯಾನಿಕ್ ಮತ್ತೆ ಬಂದು ಬಾಯ್ಲರ್ ಬಿಚ್ಚಿದ. ಒಳಗೆಲ್ಲ ಮಸಿ. ಚಿಮಣಿಯ ದಾರಿ ಕಟ್ಟಿಕೊಂಡು, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ ಕೋಣೆಗೇ ತಿರುಗಿತ್ತು.

"ಬಂಗಾರದಂಥಾ ಉರಿ ಇತ್ತಲ್ಲಪಾ," ಎಂದ ಬಾಯ್ಲರಿನವನು. ಬೈಸಿಕೊಳ್ಳಲು ತಲೆ ಬಗ್ಗಿಸಿಯೇ ನಿಂತಿದ್ದ.

ಮೆಕ್ಯಾನಿಕ್ ಬೈಯಲಿಲ್ಲ. ಬೆರಳಿಗೆ ಹತ್ತಿದ ಮಸಿ ತೋರಿಸಿದ. "ನಿನ್ನ ಕಣ್ಣಿಗೆ ಹೊಳದದ್ದು ಇದ, ಕಾಕಾ. ಪೂರಾ ಉರೀಲಾರದ ಮಸಿ ಕಾದು ಹೊಳೀತಿತ್ತು."

"ಹಂಗಾದ್ರ ಕಾಣಲಾರದ ಉರಿ ಉರಿಯಾಕತ್ತದೋ ಇಲ್ಲೋ, ನಾ ಹ್ಯಾಂಗ ತಿಳ್ಕೋಬೇಕು?"

"ಮಾಪಕ ಹೇಳ್ತದ. ಅದರ ಮ್ಯಾಲ ನಂಬಿಕಿ ಇಲ್ಲಂದ್ರ, ಬಣ್ಣದ ತೊಟ್ಟಿ ನೋಡ್ಹೋಗು."

ಮಸಿ ತೆಗೆದು, ಕಿಂಡಿ ಬಿಡಿಸಿ, ವಿಷದ ಗಾಳಿ ತುಂಬಿದರೆ ಕೂಗುವ ಗಂಟೆಯೊಂದನ್ನು ಗೋಡೆಗೆ ಹಾಕಿ, ಮೆಕ್ಯಾನಿಕ್ ಮೊದಲಿನಿಂದ ಅಳೆಯತೊಡಗಿದ. ಉರಿ ಮತ್ತೆ ನೀಲಿಯಾಯಿತು, ಕಂಡೂ ಕಾಣದಂತಾಯಿತು. ಬಾಯ್ಲರಿನವನು ಈ ಸಲ ಗಾಜಿನ ಮುಂದೆ ನಿಲ್ಲಲಿಲ್ಲ. ಬಣ್ಣದ ಮನೆಗೆ ಹೋದ. ತೊಟ್ಟಿಗಳೆಲ್ಲ ಕೊತಕೊತ ಕುದಿಯುತ್ತಿದ್ದವು. ಕೆಲಸದವರು ಹಾಡಿಕೊಂಡು ನೂಲು ತಿರುವುತ್ತಿದ್ದರು. ಇವನತ್ತ ಯಾರೂ ತಿರುಗಿ ನೋಡಲಿಲ್ಲ, ಗೊಣಗಲೂ ಇಲ್ಲ. ಅವನಿಗೆ ಬಹಳ ಸಂತೋಷವಾಯಿತು. ಮನೆಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಂಡ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನಿಗೆ ಸಮಾಧಾನವಾಗಲಿಲ್ಲ.

"ಅವನಿಗೆ ನೋಡಲು ತೊಟ್ಟಿಯಾದರೂ ಇತ್ತು, ಗುರುಗಳೇ. ನಾನು ಏನನ್ನು ನೋಡಲಿ?"

"ನಿನ್ನೆ ಜ್ವರದಲ್ಲಿ ನರಳುತ್ತಿದ್ದ ಅಡುಗೆಯವನಿಗೆ, ಯಾರೂ ಹೇಳದಿದ್ದರೂ, ಗಂಜಿ ಕುಡಿಸಿ ಕಾಲೊತ್ತುತ್ತ ಕೂತಿದ್ದವನು ಯಾರು?" ಎಂದರು ಗುರುಗಳು.

ಅಡವೀಶ ಎದ್ದು, ಬಸ್ಸಿನ ಕಡೆಗಲ್ಲ, ಅಡುಗೆಯವನ ಕೋಣೆಯ ಕಡೆಗೆ ನಡೆದ.