ಮೆಟ್ಟಿಲು ಇಳಿದ ದೊರೆ

ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ಕೂತವರಿಗೂ ಕೇಳಿಸಬೇಕು, ನನಗೆ ಕೂಗಿ ಹೇಳೋ ಅಭ್ಯಾಸ ಇಲ್ಲ.

ಹಾಲುಗಟ್ಟ ಅಂತ ಒಂದು ರಾಜ್ಯ. ಅದಕ್ಕೆ ಹಂಪನಾಯಕ ಅಂತ ಒಬ್ಬ ದೊರೆ. ದೊಡ್ಡ ರಾಜ್ಯವೇನಲ್ಲ. ಬೆಳಿಗ್ಗೆ ಕುದುರೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಸುತ್ತಿ ಬರಬಹುದು. ದೊರೆ ದಿನಾ ಹಾಗೇ ಸುತ್ತಿ ಬರುತ್ತಿದ್ದ. ಯಾರ ಗದ್ದೆಗೆ ನೀರು ಬಂತು, ಯಾರ ಎಮ್ಮೆ ಕರು ಹಾಕಿತು, ಯಾರ ಮನೆ ಗೋಡೆ ಬಿತ್ತು, ಎಲ್ಲ ಅವನೇ ಹೋಗಿ ನೋಡಬೇಕು. ನೋಡದೆ ಏನನ್ನೂ ನಂಬುತ್ತಿರಲಿಲ್ಲ.

ಒಂದು ಮಳೆಗಾಲ ದೊರೆಗೆ ಕಣ್ಣುಬೇನೆ ಬಂತು. ಕಣ್ಣು ಮೊದಲು ಕೆಂಪಾಯಿತು, ಆಮೇಲೆ ಮಂಜಾಯಿತು, ಆಮೇಲೆ ಕತ್ತಲಾಯಿತು. ಮೂವರು ವೈದ್ಯರು ಬಂದರು. ಮೊದಲನೆಯವನು ಜೇನು ಹಚ್ಚಿದ. ಎರಡನೆಯವನು ಮೇಕೆ ಹಾಲು ಹಚ್ಚಿದ. ಮೂರನೆಯವನು ಮೊದಲಿನ ಇಬ್ಬರು ಹಚ್ಚಿದ್ದನ್ನು ತೊಳೆದ. ಕಣ್ಣು ಬರಲಿಲ್ಲ. ಮೂವರೂ ಊಟ ಮಾಡಿಕೊಂಡು ಹೋದರು.

ದೊರೆ ಮಹಡಿಯ ಕೋಣೆ ಸೇರಿ ಮಂಚದ ಮೇಲೆ ಕೂತ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಕಾಲು ಕೆಳಗಿಟ್ಟರೆ ಅಲ್ಲಿ ನೆಲ ಇರುತ್ತದೋ ಇಲ್ಲವೋ ಅಂತ ಅವನಿಗೆ ಅನುಮಾನ. ಹಾಗಾಗಿ ಕಾಲು ಕೆಳಗಿಡುವುದನ್ನೇ ಬಿಟ್ಟ. ಗಡ್ಡ ಬೆಳೆಯಿತು.

ಅವನಿಗೊಬ್ಬ ಮಂತ್ರಿ ಇದ್ದ. ಮಾದರಸ ಅಂತ. ದಿನಾ ಬೆಳಿಗ್ಗೆ ಬಂದು ದೊರೆಯ ಪಾದ ಮುಟ್ಟಿ, ಕಣ್ಣೀರು ಹಾಕಿ, ಆಮೇಲೆ ಮಾತಾಡುತ್ತಿದ್ದ. ಕಣ್ಣೀರು ಕಾಣದ ದೊರೆಗೆ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಹಾಕುತ್ತಿದ್ದ.

ಒಂದು ದಿನ ದೊರೆ, ಕೆಳಗಿಳಿದು ಬಿಸಿಲಲ್ಲಿ ಕೂರಬೇಕು ಅಂದ. ಅಯ್ಯೋ ಬೇಡಿ ಅಂದ ಮಂತ್ರಿ. ಮಳೆಗೆ ಮೆಟ್ಟಿಲಿನ ನಡುವಿನ ಕಲ್ಲೇ ಕಿತ್ತು ಹೋಗಿದೆಯಂತೆ. ಕಣ್ಣಿರುವ ತಾನೇ ನಿನ್ನೆ ಬೀಳುವುದರಲ್ಲಿದ್ದನಂತೆ. ದೊರೆ ಕಾಲನ್ನು ಮತ್ತೆ ಮಂಚದ ಮೇಲೆಳೆದುಕೊಂಡ. ಮಂತ್ರಿ ಅದೇ ಮೆಟ್ಟಿಲು ಇಳಿದು ಹೋಗಿ, ಊರ ಗೋಮಾಳಕ್ಕೆ ಇನ್ನು ಮಂತ್ರಿಯ ದನ ಬಿಟ್ಟು ಬೇರೆ ಯಾರ ದನವೂ ಹೋಗಬಾರದು, ದೊರೆಯ ಅಪ್ಪಣೆ ಅಂತ ಸಾರಿಸಿದ.

ಇನ್ನೊಂದು ದಿನ ದೊರೆ, ಮೆಟ್ಟಿಲು ಸರಿಯಾಗಿದ್ದರೆ ಅಂಗಳಕ್ಕಾದರೂ ಹೋಗುತ್ತೇನೆ ಅಂದ. ಮಂತ್ರಿ ನಿಟ್ಟುಸಿರು ಬಿಟ್ಟ. ಅಂಗಳದಲ್ಲಿ ಆನೆಗೆ ಮದ ಬಂದಿದೆಯಂತೆ. ಯಾರನ್ನೂ ಗುರುತು ಹಿಡಿಯುತ್ತಿಲ್ಲವಂತೆ. ದೊರೆ ಕಂಬಳಿ ಹೊದ್ದುಕೊಂಡ. ಮಂತ್ರಿ ಹೊರಗೆ ಹೋಗಿ, ಕೆರೆಯ ಮೂಡಲ ತೂಬಿನ ನೀರನ್ನು ತನ್ನ ವೀಳ್ಯದೆಲೆ ತೋಟಕ್ಕೆ ತಿರುಗಿಸಿಕೊಂಡ. ಅದೂ ದೊರೆಯ ಅಪ್ಪಣೆಯೇ.

ಮೂರನೇ ಸಲ ದೊರೆ, ಊರ ಜನರನ್ನು ಒಂದು ಸಲ ಮಾತಾಡಿಸಬೇಕು ಅಂದ. ಮಂತ್ರಿ ಮೆಲ್ಲಗೆ, ಕುರುಡ ದೊರೆ ಊರಿಗೆ ಅಪಶಕುನ ಅಂತ ಜನ ಆಡಿಕೊಳ್ಳುತ್ತಿದ್ದಾರೆ, ಕಂಡರೆ ಹೊಡೆಯಲು ಕಲ್ಲು ಕೂಡ ಆರಿಸಿಟ್ಟಿದ್ದಾರೆ ಅಂದ.

ದೊರೆ ಆಮೇಲೆ ಏನನ್ನೂ ಕೇಳಲಿಲ್ಲ. ಕೋಣೆಯ ಬಾಗಿಲಿಗೆ ಬೀಗ ಇರಲಿಲ್ಲ, ಕಾವಲೂ ಇರಲಿಲ್ಲ. ಬೇಕಾಗಿರಲಿಲ್ಲ.

ಹೀಗಿರುವಾಗ ದೊರೆಯ ಸೋದರತ್ತೆ ಗುಜ್ಜಮ್ಮ ಗಾಡಿ ಕಟ್ಟಿಸಿಕೊಂಡು ಬಂದಳು. ದೊರೆಯ ಅಪ್ಪನ ತಂಗಿ, ದೂರದೂರಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಒಬ್ಬಳೇ ಇದ್ದಳು. ದೊರೆಯದು ಅಂಟುಬೇನೆ, ಹತ್ತಿರ ಹೋದರೆ ನಿಮಗೂ ಬರುತ್ತದೆ ಅಂತ ಮಂತ್ರಿ ಬಾಗಿಲಲ್ಲೇ ತಡೆದ. ನನ್ನ ವಯಸ್ಸಿಗೆ ಹೊಸದಾಗಿ ಬರೋಕೆ ಜಾಗ ಎಲ್ಲಿದೆ ಅಂದು ಅವಳು ಮೆಟ್ಟಿಲು ಹತ್ತಿದಳು.

ಅತ್ತೆಯ ದನಿ ಕೇಳಿ ದೊರೆ ಅತ್ತುಬಿಟ್ಟ.

"ನನ್ನ ಬದುಕು ಮುಗೀತು ಅತ್ತೆ."

"ಮಧ್ಯಾಹ್ನ ಉಂಡ್ಯಾ?"

"ಉಂಡೆ."

"ಹಾಗಾದ್ರೆ ಮುಗಿದಿಲ್ಲ."

ದೊರೆ ಮಂತ್ರಿ ಹೇಳಿದ್ದನ್ನೆಲ್ಲ ಹೇಳಿದ. ಮೆಟ್ಟಿಲು, ಆನೆ, ಕಲ್ಲು. ಅತ್ತೆ ಎಲ್ಲ ಕೇಳಿಸಿಕೊಂಡಳು. ತಾನು ಈಗ ತಾನೇ ಹತ್ತಿ ಬಂದ ಮೆಟ್ಟಿಲಿನ ವಿಚಾರ ಎತ್ತಲಿಲ್ಲ. ಹೇಳಿದರೆ ಇವನು ನಂಬುವುದು ತನ್ನ ಮಾತನ್ನು, ನಂಬಬೇಕಾದದ್ದು ಅವನದೇ ಕಾಲನ್ನು ಅಂತ ಅವಳ ಲೆಕ್ಕ.

"ನಿಮ್ಮ ಮಾವ ಹೋದಾಗ ನನಗೂ ಇನ್ನು ಬಾಗಿಲು ದಾಟೋದು ಆಗಲ್ಲ ಅನ್ನಿಸ್ತು," ಅಂದಳು. "ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕೊಟ್ಟಿಗೇಲಿ ಹಸು ಕೂಗ್ತು. ಎದ್ದು ಹೋದೆ."

"ಧೈರ್ಯ ಬಂತಾ?"

"ಇಲ್ಲ. ಹಾಲು ಬಂತು."

ಮಾರನೇ ದಿನ, ಮಂತ್ರಿ ಬಂದು ಅತ್ತು ಹೋದ ಮೇಲೆ, ಅತ್ತೆ ದೊರೆಯನ್ನು ಮೆಟ್ಟಿಲ ತಲೆಗೆ ಕರೆದುಕೊಂಡು ಬಂದಳು. ದೊರೆ, ಹೆದರಿಕೆ ಆಗ್ತಿದೆ ಅಂದ. ಆಗಲಿ, ಅದನ್ನೂ ಕರ್ಕೊಂಡೇ ಇಳಿ ಅಂದಳು ಅತ್ತೆ. ದೊರೆ ನಿಂತು ಇಳಿಯಲಾರದೆ ಕೂತು ಇಳಿದ. ಅಂಬೆಗಾಲಿಡುವ ಮಕ್ಕಳು ಇಳಿಯುತ್ತಾರಲ್ಲ, ಹಾಗೆ, ಒಂದೊಂದೇ ಮೆಟ್ಟಿಲಿಗೆ ಕುಂಡೆ ಊರಿಕೊಂಡು. ನಡುವಿಗೆ ಬಂದಾಗ ಅಂಗೈಯಿಂದ ಕಲ್ಲನ್ನು ತಡವಿದ. ಕಲ್ಲು ಇತ್ತು. ಸುತ್ತಲೂ ತಡವಿದ. ಅಲುಗಾಡಿಸಿದ. ಅವನ ಮುತ್ತಜ್ಜನ ಕಾಲದಲ್ಲಿ ಹೇಗೆ ಕೂತಿತ್ತೋ ಹಾಗೇ ಕೂತಿತ್ತು. ದೊರೆ ಅದರ ಮೇಲೆ ಬಹಳ ಹೊತ್ತು ಕೂತಿದ್ದ.

ಮಂತ್ರಿಯನ್ನು ಕೇಳಲಾ ಅಂದ. ಈಗಲೇ ಬೇಡ, ಮೊದಲು ನಡೆಯೋದು ಕಲಿ ಅಂದಳು ಅತ್ತೆ.

ಇಳಿಯುವುದು ರೂಢಿಯಾದ ಮೇಲೆ ಅಂಗಳಕ್ಕೆ ಹೋದರು. ದೊರೆ ಕೈ ಮುಂದೆ ಚಾಚಿಕೊಂಡು ನಡೆದ. ಬೆವತ. ಬಿಸಿ ಉಸಿರೊಂದು ಮುಖಕ್ಕೆ ಬಡಿಯಿತು. ಓಡಬೇಕು ಅನ್ನಿಸಿತು, ಎತ್ತ ಓಡಬೇಕೋ ಗೊತ್ತಾಗಲಿಲ್ಲ, ಅದಕ್ಕೇ ನಿಂತ. ಸೊಂಡಿಲು ಅವನ ಗಡ್ಡ ಮೂಸಿತು, ಭುಜ ಮೂಸಿತು, ಆಮೇಲೆ ಸೊಂಟದ ಬಟ್ಟೆಯ ಮಡಿಕೆಗೆ ಹೋಗಿ ಬೆಲ್ಲ ಹುಡುಕಿತು. ದಿನಾ ಸವಾರಿಗೆ ಮುಂಚೆ ದೊರೆ ಅದಕ್ಕೆ ಅಲ್ಲಿಂದಲೇ ಬೆಲ್ಲ ಕೊಡುತ್ತಿದ್ದ. ಇವತ್ತು ಬೆಲ್ಲ ಇರಲಿಲ್ಲ. ಆನೆ ಬೇಸರದಿಂದ ಹುಲ್ಲಿಗೆ ತಿರುಗಿತು. ದೊರೆ ಅದರ ಕಿವಿ ಹಿಡಿದುಕೊಂಡು ನಿಂತ.

ಉಳಿದದ್ದು ಊರು. ಅದಕ್ಕೆ ದೊರೆ ಬಹಳ ದಿನ ಒಪ್ಪಲಿಲ್ಲ. ಕಲ್ಲು ಕೈಗೆ ಸಿಕ್ಕಿತು, ಆನೆಯೂ ಕೈಗೆ ಸಿಕ್ಕಿತು, ಜನರ ಮನಸ್ಸನ್ನು ಯಾವುದರಿಂದ ಮುಟ್ಟಿ ನೋಡಲಿ ಅಂದ. ಅತ್ತೆಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದಳು. ಕಡೆಗೆ ಒಂದು ಸಂತೆಯ ದಿನ ದೊರೆ ತಾನಾಗಿಯೇ ಎದ್ದು ಕೋಲು ಕೇಳಿದ. ಹಳೇ ಕಂಬಳಿ ತಲೆ ಮೇಲೆ ಹೊದ್ದು ಹೊರಟ. ಅತ್ತೆ ನಾಲ್ಕು ಮಾರು ಹಿಂದೆ ಬಂದಳು.

ಸಂತೆಯಲ್ಲಿ ಮೊದಲು ಅವನ ಕಾಲು ತಗುಲಿದ್ದು ಒಂದು ಬುಟ್ಟಿಗೆ. ಬದನೆಕಾಯಿ ಚೆಲ್ಲಾಪಿಲ್ಲಿಯಾಯಿತು.

"ಕಣ್ಣು ಕಾಣಲ್ವಾ?" ಅಂತ ಒಂದು ಹೆಂಗಸಿನ ದನಿ.

ದೊರೆ ತಲೆ ತಗ್ಗಿಸಿದ. ಇನ್ನು ಕಲ್ಲು ಬೀಳುತ್ತದೆ ಅಂದುಕೊಂಡ.

"ಇಲ್ಲ," ಅಂದ.

"ಹಾಗಂತ ಮೊದಲೇ ಹೇಳಬಾರದಾ. ಕೂತ್ಕೋ, ಕೈಗೆ ಸಿಕ್ಕಷ್ಟು ನೀನೂ ಆರಿಸು."

ಅವಳು ಪುಟ್ಟಕೆಂಪಿ, ಕೆರೆ ಕೆಳಗೆ ತರಕಾರಿ ಬೆಳೆಯುವವಳು. ದೊರೆ ಮಣ್ಣಲ್ಲಿ ಕೂತು ಬದನೆಕಾಯಿ ಆರಿಸಿದ. ಇಬ್ಬರೂ ಮಾತಾಡಿಕೊಂಡರು. ಇವು ಈ ಸಲದ ಕಡೇ ಕಾಯಿ, ತೂಬಿನ ನೀರನ್ನು ದೊರೆ ಮಂತ್ರಿಯ ತೋಟಕ್ಕೆ ಬರೆದುಕೊಟ್ಟುಬಿಟ್ಟ ಅಂದಳು ಅವಳು. ಗೋಮಾಳ ಮುಚ್ಚಿದ್ದರಿಂದ ತಾನು ಹಸು ಮಾರಿದ್ದನ್ನೂ ಹೇಳಿದಳು. ಆ ದೊರೆ ಮೇಲೆ ನಿಮಗೆ ಕೋಪ ಇರಬೇಕು ಅಂದ ಇವನು. ಅವಳು ಒಂದು ಕಾಯಿಯ ಮಣ್ಣು ಒರೆಸಿದಳು.

"ಮುಂಚೆ ದಿನಾ ಬರ್ತಿದ್ದ," ಅಂದಳು. "ಈಗ ಬರಲ್ಲ. ಕಣ್ಣು ಹೋದ್ರೆ ಹೋಗ್ಲಿ, ಬಾಯಿ ಏನಾಯ್ತು ಅವನಿಗೆ?"

ದೊರೆ ಕೊನೆಯ ಬದನೆಕಾಯಿಯನ್ನು ಬುಟ್ಟಿಗೆ ಹಾಕಿ ಎದ್ದ. ಕಲ್ಲು ಒಂದೂ ಬಿದ್ದಿರಲಿಲ್ಲ. ಆದರೆ ಆ ಮಾತು ಚೆನ್ನಾಗಿ ಬಿದ್ದಿತ್ತು.

ಮುಂದಿನ ಸಭೆಗೆ ಕೆರೆ ಕೆಳಗಿನ ರೈತರೆಲ್ಲ ನೀರಿನ ಅಹವಾಲು ಹಿಡಿದು ಬಂದರು. ಕಂಬಳಿ ಹೊದ್ದ ದೊರೆ ಅವರ ನಡುವೆ ನಿಂತ. ಸಿಂಹಾಸನ ಖಾಲಿ. ಪಕ್ಕದಲ್ಲಿ ಮಾದರಸ. ಅವನು ಅಹವಾಲು ತಂದವರ ಮುಖ ನೋಡುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಪಡುವಲ ತೂಬೂ ಇನ್ನು ಮಂತ್ರಿಯ ತೋಟಕ್ಕೇ, ದೊರೆಯ ಅಪ್ಪಣೆ ಅಂತ ಓದಿದ.

ಗುಂಪಿನಿಂದ ಕಂಬಳಿಯವನು ದನಿ ಬದಲಿಸಿ, ದೊರೆ ಇದನ್ನು ಯಾವಾಗ ಹೇಳಿದರು ಅಂತ ಕೇಳಿದ.

ಇವತ್ತು ಬೆಳಿಗ್ಗೆ ಅಂದ ಮಂತ್ರಿ.

ಯಾರ ಎದುರಿಗೆ ಹೇಳಿದರು ಅಂತ ಕೇಳಿದ.

ತನ್ನೊಬ್ಬನ ಎದುರಿಗೆ, ಕೈ ಹಿಡಿದುಕೊಂಡು, ಅಳುತ್ತಾ ಅಂದ ಮಂತ್ರಿ.

ಹಾಗಾದರೆ ದೊರೆಯೇ ಬಂದು ಹೇಳಲಿ ಅಂದ ಕಂಬಳಿಯವನು.

ಮಂತ್ರಿಗೆ ರೇಗಿತು. ದೊರೆ ಮಂಚ ಬಿಟ್ಟು ಏಳುವ ಸ್ಥಿತಿಯಲ್ಲಿಲ್ಲ, ಒಂದು ಮೆಟ್ಟಿಲು ಇಳಿದರೂ ಸತ್ತೇ ಹೋಗುತ್ತಾರೆ, ಇದಕ್ಕೆ ನಾನೇ ಸಾಕ್ಷಿ ಅಂದ. ಕೋಲು ಹಿಡಿದ ಈ ಕುರುಡನನ್ನು ಒಳಗೆ ಬಿಟ್ಟವರು ಯಾರು ಅಂತಲೂ ಕೇಳಿದ.

"ನಾನು," ಅಂದಳು ಹಿಂದಿನಿಂದ ಗುಜ್ಜಮ್ಮ. "ಅಣ್ಣನ ಮಗ. ಅವನದೇ ಮನೆ, ಬಿಡದೆ ಏನು ಮಾಡಲಿ?"

ದೊರೆ ಕಂಬಳಿ ತೆಗೆದ. ಕೋಲಿನಿಂದ ದಾರಿ ತಡವಿಕೊಂಡು ಸಿಂಹಾಸನದ ಕಡೆ ನಡೆದ. ಒಂದು ಕಂಬಕ್ಕೆ ಹಣೆ ಬಡಿಯಿತು. ಯಾರೂ ನಗಲಿಲ್ಲ. ಹಣೆ ಉಜ್ಜಿಕೊಂಡು ಕಂಬವನ್ನು ಬಳಸಿ ಹೋಗಿ ಕೂತ. ಪುಟ್ಟಕೆಂಪಿ ಬಾಯಿಗೆ ಸೆರಗು ಒತ್ತಿಕೊಂಡಳು.

ದೊರೆ ಏಳಲಾರರು ಅನ್ನುವುದಕ್ಕೆ ತಾನೇ ಸಾಕ್ಷಿ ಅಂತ ಮಾದರಸ ಅಂದಿದ್ದ, ಸಭೆಯೆಲ್ಲ ಕೇಳಿಸಿಕೊಂಡಿತ್ತು. ತೂಬು ಊರಿನ ಗದ್ದೆಗೆ ತಿರುಗಿತು. ಗೋಮಾಳ ತೆರೆಯಿತು. ಮಾದರಸನ ಮಂತ್ರಿಗಿರಿ ಹೋಯಿತು, ಅವನು ಕೆರೆಯ ಹೂಳೆತ್ತುವವರ ಜೊತೆ ಬುಟ್ಟಿ ಹೊರಬೇಕು ಅಂತ ತೀರ್ಮಾನವಾಯಿತು. ಇಷ್ಟು ವಯಸ್ಸಾದ ಮೇಲೆ ತನಗೆ ಆ ಕೆಲಸ ಹೇಗೆ ಬರುತ್ತದೆ ಅಂತ ಅವನು ಗೋಗರೆದ.

"ಮೊದಲು ಬರಲ್ಲ," ಅಂದ ದೊರೆ. "ಮಾಡ್ತಾ ಮಾಡ್ತಾ ಬರುತ್ತೆ."

ದೊರೆಗೆ ಕಣ್ಣು ಮತ್ತೆ ಬರಲಿಲ್ಲ. ಬಂತು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತಿತ್ತು, ಆದರೆ ಬರಲಿಲ್ಲ. ಕುದುರೆ ಸವಾರಿ ನಿಂತೇ ಹೋಯಿತು. ಅದಕ್ಕೆ ಅವನು ಕೆಲವು ದಿನ ದುಃಖಪಟ್ಟ. ಆಮೇಲೆ ನಡೆದೇ ಸುತ್ತತೊಡಗಿದ. ಕುದುರೆ ಮೇಲಿಂದ ನೋಡುತ್ತಿದ್ದಾಗ ಕೇಳಿಸದೆ ಹೋದದ್ದು ಈಗ ಕೇಳಿಸುತ್ತಿತ್ತು. ಊರು ಸುತ್ತಲು ಈಗ ಮೂರು ದಿನ ಬೇಕಾಗುತ್ತಿತ್ತು, ಅಷ್ಟೆ. ಆಗಾಗ ಬೀಳುತ್ತಿದ್ದ. ಹತ್ತಿರ ಇದ್ದವರು ಎಬ್ಬಿಸುತ್ತಿದ್ದರು.

ಇದರ ನೀತಿ ಏನು ಅಂತ ನೀವು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಬದುಕು ಬದಲಾದಾಗ ಹೆದರಿಕೆ ಆಗಿಯೇ ಆಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಹೆದರಿಕೆ ಪೂರ್ತಿ ಹೋಗಲಿ ಆಮೇಲೆ ಏಳೋಣ ಅಂತ ಕೂತವರು ಕೂತೇ ಇರುತ್ತಾರೆ. ನಿಮ್ಮ ಹೆದರಿಕೆಯಿಂದ ಯಾರಿಗೆ ಲಾಭವೋ ಅವರ ಮಾತು ಕೇಳಿ ಮನೆಯಲ್ಲಿ ಕೂರಬೇಡಿ. ಒಂದು ಮೆಟ್ಟಿಲು ಇಳಿದು, ಕಲ್ಲು ಇದೆಯೋ ಇಲ್ಲವೋ ನೀವೇ ಮುಟ್ಟಿ ನೋಡಿ.

ಇನ್ನು ಏಳಿ, ಊಟಕ್ಕೆ ಕರೆಯುತ್ತಿದ್ದಾರೆ.