ಬಾಲವ್ವನ ಒತ್ತಾಯ

ಮಕ್ಕಳೇ, ಕಾಡಂಚಿನ ಕೆರೆಯ ದಂಡೆಯಲ್ಲಿ ಒಂದು ಕಾಡುಮಾವಿನ ಮರವಿತ್ತು. ಮರದ ಮೇಲೆ ಬಾಲವ್ವ ಎಂಬ ಕೋತಿ ತನ್ನ ಹಾಲುಗೂಸಿನೊಂದಿಗೆ ವಾಸವಾಗಿದ್ದಳು. ಬುಡದ ಪೊಟರೆಯಲ್ಲಿ ಕೆಂಚಿ ಎಂಬ ನಾಯಿ ಇದ್ದಳು. ಕೆಂಚಿ ಹೆತ್ತ ಮರಿಗಳಲ್ಲಿ ಉಳಿದದ್ದು ಒಂದೇ, ಹೆಸರು ಮೋಟು. ಅವನೇ ಅವಳ ಜೀವ.

ಒಂದು ಮಧ್ಯಾಹ್ನ ಬಾಲವ್ವ ತೂಕಡಿಸುತ್ತಿದ್ದಾಗ ಚಿರತೆಯೊಂದು ಸದ್ದಿಲ್ಲದೆ ಮರ ಹತ್ತತೊಡಗಿತು. ಕೆಂಚಿ ಗಂಟಲು ಹರಿಯುವಂತೆ ಬೊಗಳಿದಳು. ಬಾಲವ್ವ ಕೂಸನ್ನು ಅವುಚಿಕೊಂಡು ತುದಿಕೊಂಬೆಗೆ ಹಾರಿದಳು. ಚಿರತೆ ಹಸಿದ ಹೊಟ್ಟೆಯಲ್ಲೇ ಹಿಂದಿರುಗಿತು.

"ಅಕ್ಕಾ, ನನ್ನ ಕೂಸಿನ ಪ್ರಾಣ ಉಳಿಸಿದೆ. ನಾಳೆ ನಿಮ್ಮಿಬ್ಬರಿಗೂ ನಮ್ಮಲ್ಲೇ ಊಟ. ಇಲ್ಲ ಅನ್ನಬಾರದು!" ಎಂದಳು ಬಾಲವ್ವ.

"ಬರುತ್ತೇವೆ ಕಣೇ. ಆದರೆ ಮೋಟುವಿಗೆ ಹಣ್ಣು ಕೊಡುವುದಾದರೆ ಸಿಪ್ಪೆ, ಒಳಗಿನ ಗಟ್ಟಿ ಓಟೆ ತೆಗೆದು ಒಂದು ಚೂರು ತಿರುಳು ಕೊಡು, ಅಷ್ಟೇ ಸಾಕು. ನಾವು ನಿಮ್ಮ ಹಾಗೆ ಚೀಪಿ ಉಗಿಯುವವರಲ್ಲ, ಬಾಯಿಗೆ ಬಿದ್ದದ್ದನ್ನು ನುಂಗುವವರು."

ಬಾಲವ್ವ ತಲೆಯಾಡಿಸಿದಳು. ಆದರೆ ಕೋತಿಗಳಲ್ಲಿ ಒಂದು ಸಂಪ್ರದಾಯವಿದೆ. ಅತಿಥಿ 'ಸಾಕು' ಎಂದರೆ ಅದು ಬರೀ ಸಂಕೋಚವಂತೆ. ಮೇಲೆ ಬಿದ್ದು ಬಡಿಸದಿದ್ದರೆ ಮನೆಯ ಮಾನ ಹೋದ ಹಾಗಂತೆ. ಇಂಥವರನ್ನು ಮದುವೆಮನೆಗಳಲ್ಲಿ ನೀವೂ ನೋಡಿರುತ್ತೀರಿ. ನನಗಂತೂ ಕಂಡರಾಗದು.

ಮರುದಿನ ಬಾಲವ್ವ ಮರದ ಬುಡದಲ್ಲೇ ಮುತ್ತುಗದ ಎಲೆ ಹಾಸಿ, ಹೇಳಿದಂತೆಯೇ ಒಂದು ಚೂರು ತಿರುಳು ಇಟ್ಟಳು. ಮೋಟು ಬಾಲ ಅಲ್ಲಾಡಿಸುತ್ತ ತಿಂದ. ಕೆಂಚಿ ನೀರು ಕುಡಿಯಲು ಕೆರೆಗಿಳಿದಳು.

"ಇನ್ನೊಂದು ಹಾಕಲಾ?" ಎಂದಳು ಬಾಲವ್ವ.

"ಸಾಕು ಚಿಕ್ಕಮ್ಮ. ಅಮ್ಮ ಒಂದೇ ಅಂದಿದ್ದಾಳೆ."

"ಅಮ್ಮಂದಿರು ಹಾಗೇ ಅನ್ನುವುದು! ಬೆಳೆಯುವ ಮರಿ ನೀನು." ಬಾಲವ್ವ ಒಂದು ಪುಟ್ಟ ಹಣ್ಣನ್ನು ಇಡಿಯಾಗಿ ಎಲೆಗೆ ಹಾಕಿದಳು.

"ಸಾಕು, ಚಿಕ್ಕಮ್ಮ."

"ನನ್ನ ಮೇಲೆ ಪ್ರೀತಿ ಇದ್ದರೆ ಇದೊಂದು!"

ಪಾಪ, ಮರಿ ಇನ್ನೇನು ಮಾಡೀತು? ಗುಳಕ್ಕನೆ ನುಂಗಿತು. ಓಟೆ ಸಮೇತ ಹಣ್ಣು ಒಳಗೆ ಹೋಯಿತು.

ಸಂಜೆಯ ಹೊತ್ತಿಗೆ ವಾಂತಿ ಶುರುವಾಯಿತು. ಓಟೆ ಕರುಳಲ್ಲಿ ಸಿಕ್ಕಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಬಾಲವ್ವ ಬಾಳೆಹಣ್ಣು ಹಿಡಿದು ಓಡಿಬಂದಳು.

"ಇದನ್ನು ತಿಂದರೆ ಸರಿಹೋಗುತ್ತೆ ಅಕ್ಕಾ!"

"ಇನ್ನೂ ಬಡಿಸುತ್ತೀಯಾ?" ಎಂದಳು ಕೆಂಚಿ.

ಮೋಟು ಕಣ್ಣು ತೆರೆದು, "ಅಮ್ಮಾ, ನಾನು ಸಾಕು ಅಂದೆ," ಎಂದ. ಮತ್ತೆ ಮಾತಾಡಲಿಲ್ಲ. ಕೆಂಚಿ ತಣ್ಣಗಾದ ಮರಿಯನ್ನು ಬಹಳ ಹೊತ್ತು ನೆಕ್ಕುತ್ತಲೇ ಇದ್ದಳು.

"ಅಕ್ಕಾ, ಪ್ರೀತಿಯಿಂದ ಕೊಟ್ಟೆ," ಎಂದು ಬಾಲವ್ವ ಅತ್ತಳು.

"ಚಿರತೆ ಬಂದಾಗ ಬೊಗಳಿದೆ. ನೀನು ಹಣ್ಣು ತಂದಾಗ ಬೊಗಳಲಿಲ್ಲ. ನಮ್ಮವಳು ಅಂದುಕೊಂಡಿದ್ದೆ."

ಅಷ್ಟು ಹೇಳಿ ಕೆಂಚಿ ಆ ಮರವನ್ನೇ ಬಿಟ್ಟು ಹೋದಳು.

ಬಾಲವ್ವ ಈಗಲೂ ದಿನಾ ಎಲೆ ಹಾಸುತ್ತಾಳೆ. ಸಿಪ್ಪೆ, ಓಟೆ ತೆಗೆದು ಒಂದೇ ಚೂರು ಇಡುತ್ತಾಳೆ. ಇರುವೆಗಳು ಹೊತ್ತುಕೊಂಡು ಹೋಗುತ್ತವೆ. ಬುಡದಲ್ಲಿ ಬೊಗಳುವವರು ಯಾರೂ ಇಲ್ಲವಾದ್ದರಿಂದ ಅವಳು ಕೂಸನ್ನು ಅವುಚಿಕೊಂಡು ಎಚ್ಚರವಾಗಿಯೇ ಕೂತಿರುತ್ತಾಳೆ.

ನೀತಿ: ನಿನ್ನ ನಾಲಿಗೆಗೆ ರುಚಿಯಾದದ್ದನ್ನಲ್ಲ, ಅತಿಥಿಯ ಹೊಟ್ಟೆಗೆ ಹಿತವಾದದ್ದನ್ನು ಬಡಿಸು, 'ಸಾಕು' ಎಂದರೆ ಕೈ ಹಿಂದೆ ತೆಗೆ.