ಕುಂಬಾರ ಬಳಸಿ ನಡೆದ ಕಲ್ಲು

"ಮೇಷ್ಟ್ರೆ, ಮನಸ್ಸಿನ ಡಾಕ್ಟರ ಹತ್ರ ಹೋದ್ರೆ ಅವರು ಏನು ಮಾಡ್ತಾರೆ?"

ಕೇಳಿದವಳು ದುರುಗಮ್ಮ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಗಳು. ಕೇಳಿಸಿಕೊಂಡವರು ಪಾಲಯ್ಯ ಮೇಷ್ಟ್ರು. ಭಟ್ಟಿಯವರ ಕೇರಿಯಲ್ಲಿ ಸಂಜೆ ಶಾಲೆ ನಡೆಸಿ ಅವಳಿಗೆ ಅಕ್ಷರ ಕಲಿಸಿದವರು. ಅಕ್ಷರದ ಜೊತೆಗೆ ಎದುರು ಮಾತಾಡುವುದನ್ನೂ ಕಲಿಸಿದವರು. ದುರುಗಮ್ಮನ ತೊಡೆಯ ಮೇಲೆ ಅವಳ ಎಳೆಯ ಹೆಣ್ಣುಕೂಸು ಮಲಗಿತ್ತು.

ಹಿಂದಿನ ದಿನ ಕೂಸಿಗೆ ಚುಚ್ಚುಮದ್ದು ಹಾಕಿದ ನರ್ಸಮ್ಮ ತಾಯಿಯ ಮುಖವನ್ನೂ ನೋಡಿದ್ದಳು. ಒಂದೆರಡು ಮಾತು ಕೇಳಿ, "ನಾಳೆ ಮಧ್ಯಾಹ್ನ ಆಸ್ಪತ್ರೆಗೆ ಮನಶ್ಶಾಸ್ತ್ರಜ್ಞೆ ಬರ್ತಾರೆ, ಬಂದು ಕಾಣು" ಎಂದಿದ್ದಳು. ಇಷ್ಟನ್ನು ದುರುಗಮ್ಮ ಮೇಷ್ಟ್ರಿಗೆ ಹೇಳಿದ್ದಳು. ಹೋಗಬಾರದೆಂದು ಆಗಲೇ ತೀರ್ಮಾನಿಸಿದ್ದನ್ನು ಹೇಳಿರಲಿಲ್ಲ.

ಕಾರಣ ಅವಳೊಬ್ಬಳಿಗೇ ಗೊತ್ತು. ಕೂಸು ಹುಟ್ಟಿದಾಗಿನಿಂದ ಅವಳಿಗೆ ಅದರ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಅತ್ತರೆ ಹಾಲು ಕುಡಿಸುವಳು, ಒದ್ದೆಯಾದರೆ ಬಟ್ಟೆ ಬದಲಿಸುವಳು. ಎದೆ ಮಾತ್ರ ತಣ್ಣಗೆ, ಯಾರದೋ ಕೂಸನ್ನು ಕಾಯುತ್ತಿರುವ ಹಾಗೆ. ಇದನ್ನು ಬಾಯಿ ಬಿಟ್ಟು ಹೇಳಿದ ದಿನವೇ ಹುಚ್ಚಿ ಎಂದು ಬರೆದು ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂದು ಅವಳು ನಂಬಿದ್ದಳು. ಪ್ರೀತಿ ಬಾರದ ಕೂಸನ್ನು ಕಳೆದುಕೊಳ್ಳಲು ಇಷ್ಟು ಹೆದರಿಕೆ ಯಾಕೆ ಎಂದು ಮಾತ್ರ ತನ್ನನ್ನು ಕೇಳಿಕೊಂಡಿರಲಿಲ್ಲ.

"ಏನು ಮಾಡ್ತಾರೆ ಅಂತ ನಿನಗೆ ಯಾರು ಏನು ಹೇಳಿದ್ರು?" ಎಂದರು ಮೇಷ್ಟ್ರು.

"ಅತ್ತೆ ಹೇಳಿದ್ರು, ತಲೆಗೆ ಕರೆಂಟು ಕೊಡ್ತಾರಂತೆ. ಎದುರುಮನೆ ಹಾಲಕ್ಕ ಹೇಳಿದ್ಲು, ಕಣ್ಣು ನೋಡಿದ್ರೆ ಸಾಕಂತೆ, ಒಳಗಿರೋದೆಲ್ಲ ತಿಳ್ಕೊಂಡುಬಿಡ್ತಾರಂತೆ."

"ಹಂಗೆ ಕಣ್ಣು ನೋಡಿ ತಿಳ್ಕೊಳ್ಳೋರಿದ್ರೆ ಎಲೆಕ್ಷನ್ನಿಗೆ ಮುಂಚೆ ನಾವೇ ಕರೆಸ್ತಿದ್ವಿ ಕಣೆ, ಮತ ಕೇಳೋಕೆ ಬಂದವರ ಎದುರಿಗೆ ಕೂರಿಸೋಕೆ."

ದುರುಗಮ್ಮನಿಗೆ ನಗು ಬಂದಂತಾಗಿ ಅರ್ಧಕ್ಕೇ ನಿಂತಿತು. ಮೇಷ್ಟ್ರ ಮುಖದಲ್ಲಿ ನಗುವಿರಲಿಲ್ಲ.

"ಎಮ್ಮೆ ಮೇವು ಬಿಟ್ರೆ ಓಡಿಹೋಗಿ ಡಾಕ್ಟರನ್ನು ಕರ್ಕೊಂಡು ಬರ್ತಾರೆ. ಬಾಣಂತಿ ಅನ್ನ ಬಿಟ್ರೆ ದೆವ್ವ ಓಡಿಸೋಕೆ ಬೇವಿನ ಸೊಪ್ಪು ತರ್ತಾರೆ. ಥೂ, ಎಂಥ ಊರು! ನರ್ಸಮ್ಮ ಹೇಳಿದ ಆ ಅಮ್ಮ ಡಾಕ್ಟರೂ ಅಲ್ಲ, ಮಂತ್ರವಾದಿನೂ ಅಲ್ಲ. ಮಾತಾಡಿಸೋರು. ಕೇಳು ಇಲ್ಲಿ."

ಮೇಷ್ಟ್ರು ಹೇಳಿದ ಕತೆ ಇದು.

ಒಬ್ಬ ಕುಂಬಾರನಿದ್ದ. ಮಡಕೆ ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ದೂರದ ಸಂತೆಗೆ ನಡೆಯುವುದು ಅವನ ಬದುಕು. ಅಂಥ ಬುಟ್ಟಿಯನ್ನು ಏರಿಸಲು ಇಬ್ಬರು ಬೇಕು, ಇಳಿಸಲೂ ಇಬ್ಬರು ಬೇಕು. ಒಬ್ಬನೇ ನೆಲಕ್ಕೆ ಇಳಿಸಲು ಹೋದರೆ ಮಡಕೆಯೆಲ್ಲ ಚೂರು. ಅದಕ್ಕೇ ಅವನು ದಾರಿಯಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ.

ದಾರಿಯ ನಡುವೆ ಒಂದು ಹೊರೆಗಲ್ಲಿತ್ತು. ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ನಿಂತ ಮನುಷ್ಯನ ತಲೆಯ ಎತ್ತರಕ್ಕೆ. ಹೊರೆ ಹೊತ್ತವನು ಪಕ್ಕದಲ್ಲಿ ನಿಂತು ಬುಟ್ಟಿಯನ್ನು ಚಪ್ಪಡಿಯ ಮೇಲಕ್ಕೆ ಸರಿಸಿದರೆ ಆಯಿತು. ದಣಿವಾರಿದ ಮೇಲೆ ತಲೆಯೊಡ್ಡಿ ಮತ್ತೆ ಎಳೆದುಕೊಂಡರೆ ಆಯಿತು. ಯಾರ ಹಂಗೂ ಬೇಕಿಲ್ಲ.

ಕುಂಬಾರನಿಗೆ ಇದು ತಿಳಿದಿರಲಿಲ್ಲ. ಬಸುರಿಯಾಗಿದ್ದಾಗಲೇ ಸತ್ತ ಒಬ್ಬ ಹೆಂಗಸಿನ ಹೆಸರಿನಲ್ಲಿ ಆ ಕಲ್ಲನ್ನು ನಿಲ್ಲಿಸಿದ್ದರು. ಅವನ ಊರಿನವರಿಗೆ ಅಷ್ಟೇ ಗೊತ್ತಿತ್ತು. ಸತ್ತ ಬಸುರಿಯ ಕಲ್ಲು, ಮುಟ್ಟಿದರೆ ಅವಳು ಮೆಟ್ಟಿಕೊಳ್ಳುತ್ತಾಳೆ ಎಂದು ಅಪ್ಪ ಮಗನಿಗೆ ಹೇಳಿದ, ಆ ಮಗ ತನ್ನ ಮಗನಿಗೆ ಹೇಳಿದ. ಹಾಗಾಗಿ ಕುಂಬಾರ ಕಲ್ಲು ಕಂಡೊಡನೆ ದಾರಿ ಬಿಟ್ಟು, ಮುಳ್ಳಿನಲ್ಲಿ ಬಳಸಿ, ಮುಂದೆ ಹೋಗಿ ಮತ್ತೆ ದಾರಿ ಸೇರುತ್ತಿದ್ದ. ದಣಿವು ಕಳೆಯಲೆಂದು ನೆಟ್ಟ ಕಲ್ಲಿನಿಂದಲೇ ಅವನ ದಾರಿ ಉದ್ದವಾಯಿತು.

ವರ್ಷಗಳು ಕಳೆದವು. ಅವನ ಕತ್ತು ಸೆಟೆದುಕೊಂಡಿತು. ಯಾರು ಕರೆದರೂ ತಿರುಗಿ ನೋಡಲಾಗದೆ ನೆಟ್ಟಗೆ ನಡೆದುಹೋಗುತ್ತಿದ್ದ. ಜನ ಹೊಗಳಿದರು: 'ಏನು ಗಟ್ಟಿಗನಪ್ಪ! ಆಚೀಚೆ ನೋಡುವವನಲ್ಲ.' ನೋವಿಗೆ ಒಂದು ಮರ್ಯಾದೆಯ ಹೆಸರಿಟ್ಟು ಹೊರೆ ಹೊರಿಸುವ ವಿದ್ಯೆ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಒಂದು ದಿನ ಕಲ್ಲಿನ ಹತ್ತಿರ ಬರುವಷ್ಟರಲ್ಲಿ ಅವನು ಪೂರಾ ಸೋತಿದ್ದ. ಬಳಸಿ ಹೋಗಲು ತ್ರಾಣವಿರಲಿಲ್ಲ. ಕಲ್ಲಿನ ನೆರಳಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಆ ಜಾಗವನ್ನು ಗುಡಿಸಿ ನೋಡಿಕೊಳ್ಳುವವಳು.

'ಇಳಿಸಪ್ಪ' ಎಂದಳು.

'ಅವಳು ಮೆಟ್ಟಿಕೊಂಡರೆ?' ಎಂದ ಕುಂಬಾರ.

'ಅವಳು ತನ್ನ ಹೊಟ್ಟೆಯ ಹೊರೆ ಇಳಿಸಲಾಗದೆ ಸತ್ತಳು. ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು ಅವಳ ತಾಯಿ ಈ ಕಲ್ಲು ನೆಡಿಸಿದಳು. ನಿನ್ನ ಊರಿನವರು ಅರ್ಧ ಕೇಳಿಸಿಕೊಂಡು ಓಡಿಹೋಗಿದ್ದಾರೆ.'

'ಹಾಗಾದರೆ ನನ್ನ ಬುಟ್ಟಿ ನೀನು ಹೊರುತ್ತೀಯಾ?'

'ಇಲ್ಲ. ಅದಕ್ಕೆ ಕೈಯನ್ನೂ ಹಾಕುವುದಿಲ್ಲ. ನೀನು ಇಳಿಸುವಾಗ ಪಕ್ಕದಲ್ಲಿರುತ್ತೇನೆ. ಬುಟ್ಟಿಯಲ್ಲಿ ಕಂಡದ್ದನ್ನು ಸಂತೆಯಲ್ಲಿ ಹೇಳುವುದಿಲ್ಲ. ಯಾರದಾದರೂ ಜೀವಕ್ಕೇ ಅಪಾಯ ಎನ್ನುವಂತಿದ್ದರೆ ಮಾತ್ರ ಕೂಗಿ ಇನ್ನೊಬ್ಬರನ್ನು ಕರೆಯುತ್ತೇನೆ. ಇದನ್ನು ಮೊದಲೇ ಹೇಳಿದ್ದೇನೆ, ಆಮೇಲೆ ಮೋಸವಾಯಿತು ಎನ್ನಬೇಡ.'

ಕುಂಬಾರ ಬುಟ್ಟಿಯನ್ನು ಸರಿಸಿದ. ಯಾರೂ ಮೆಟ್ಟಿಕೊಳ್ಳಲಿಲ್ಲ. ಮುದುಕಿ ಕೇಳಿದಳು: ನೋವು ಎಲ್ಲಿ, ಯಾವಾಗಿನಿಂದ, ಮೊದಲ ಹೊರೆ ಹೊರಿಸಿದವರು ಯಾರು. ಕೆಲವಕ್ಕೆ ಅವನು ಉತ್ತರ ಹೇಳಿದ, ಕೆಲವಕ್ಕೆ ಹೇಳಲಿಲ್ಲ. ಹೇಳದಿದ್ದದ್ದನ್ನು ಅವಳು ಕೆದಕಲಿಲ್ಲ. ಗದರಲಿಲ್ಲ. ಬುದ್ಧಿ ಹೇಳಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಅವನಿಗೆ ಅಳು ಬಂತು, ಅಳುವಷ್ಟು ಹೊತ್ತು ಅಳಲು ಬಿಟ್ಟಳು.

ಆಮೇಲೆ ಅವನು ಎದ್ದು ಬುಟ್ಟಿಯೊಳಗೆ ನೋಡಿದ. ಭಾರವೆಲ್ಲ ಒಂದೇ ಬದಿಗೆ ಕೂತಿತ್ತು. ತನ್ನ ತಲೆಯ ಮೇಲಿರುವ ಬುಟ್ಟಿಯ ಒಳಗನ್ನು ಯಾರೂ ನೋಡಿಕೊಳ್ಳಲಾರರು. ಈಗ ಕಂಡಿತು. ಅವನೇ ಮಡಕೆಗಳನ್ನು ತೆಗೆದು, ಅವನೇ ಸರಿಯಾಗಿ ಜೋಡಿಸಿದ. ಮತ್ತೆ ತಲೆಯೊಡ್ಡಿ ಹೊತ್ತುಕೊಂಡ. ಒಂದು ಮಡಕೆಯೂ ಕಡಿಮೆಯಾಗಿರಲಿಲ್ಲ, ಆದರೂ ಹೊರೆ ಹಗುರವಾಗಿತ್ತು.

ಕತ್ತು ಅವತ್ತೇ ತಿರುಗಲಿಲ್ಲ. ಮುಂದಿನ ಸಂತೆಗೂ ಅವನು ಕಲ್ಲಿನ ಹತ್ತಿರ ನಿಂತ, ಅದರ ಮುಂದಿನ ಸಂತೆಗೂ ನಿಂತ. ಹೀಗೇ ಕೆಲವು ಸಂತೆಗಳಾದ ಮೇಲೆ ಒಂದು ಬೆಳಿಗ್ಗೆ ಮನೆ ಬಿಟ್ಟು ಹೊರಟಾಗ ಅವನ ಮಗಳು ಹಿಂದಿನಿಂದ 'ಅಪ್ಪಾ' ಎಂದು ಕೂಗಿದಳು. ಕುಂಬಾರ ತಿರುಗಿ ನೋಡಿದ.

ಮೇಷ್ಟ್ರು ಕತೆ ನಿಲ್ಲಿಸಿದರು.

"ಅಷ್ಟೇನಾ?" ಎಂದಳು ದುರುಗಮ್ಮ. ಅವಳ ಭುಜ ಕೊಂಚ ಸಡಿಲವಾಗಿತ್ತು.

"ಅಷ್ಟೇ. ಕೂರಿಸ್ತಾರೆ, ಕೇಳ್ತಾರೆ. ಹೇಳಬೇಕು ಅನ್ಸಿದ್ದು ಹೇಳು, ಉಳಿದದ್ದು ಇನ್ನೊಂದು ದಿನಕ್ಕೆ ಇಟ್ಕೋ. ಮಾತ್ರೆ ಬೇಕಾದ್ರೆ ಅದನ್ನು ಕೊಡೋ ಡಾಕ್ಟರ ಹತ್ರ ಕಳಿಸ್ತಾರೆ. ಆ ಅಮ್ಮ ನಿನಗೆ ಸರಿಹೋಗಲಿಲ್ಲ ಅಂದ್ರೆ ಬೇರೆಯವರನ್ನು ಕೇಳು, ಅದು ನಿನ್ನ ಹಕ್ಕು. ಒಂದೇ ಸಲಕ್ಕೆ ಎಲ್ಲ ಸರಿಹೋಗುತ್ತೆ ಅಂತ ಮಾತ್ರ ತಿಳ್ಕೋಬೇಡ."

"ಕುಂಬಾರನಿಗೇನು ಬಿಡಿ ಮೇಷ್ಟ್ರೆ, ಅವನ ಬುಟ್ಟೀಲಿದ್ದದ್ದು ಬರೀ ಮಡಕೆ."

"ನಿನ್ನ ಬುಟ್ಟೀಲಿ?"

ದುರುಗಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಬಾಚಿ ಎದೆಗೆ ಒತ್ತಿಕೊಂಡಳು. ಆಮೇಲೆ ಮಾತು ತಾನಾಗಿಯೇ ಹೊರಬಿತ್ತು.

"ಈ ಕೂಸಿನ ಮೇಲೆ ನನಗೆ ಪ್ರೀತಿನೇ ಬರ್ತಿಲ್ಲ. ಹುಟ್ಟಿದಾಗಿಂದ ಇಲ್ಲ. ಇದನ್ನ ಯಾರ ಮುಂದಾದ್ರೂ ಬಾಯಿಬಿಟ್ಟು ಹೇಳಿದ್ರೆ ಇವಳನ್ನ ನನ್ನ ಕೈಯಿಂದ ಕಿತ್ಕೊಳ್ತಾರೆ, ಮೇಷ್ಟ್ರೆ."

ಮೇಷ್ಟ್ರು ಬೆಚ್ಚಲಿಲ್ಲ.

"ಈಗ ಹೇಳಿ ಆಯ್ತಲ್ಲ ತಾಯಿ, ಕೂಸು ಇನ್ನೂ ನಿನ್ನ ಕೈಯಲ್ಲೇ ಇದೆ."

ದುರುಗಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು, "ಮಧ್ಯಾಹ್ನ ಆಗ್ತಾ ಬಂತು ಮೇಷ್ಟ್ರೆ" ಎಂದಳು.